ವಿಮಾನವು ಬೇರೆ ಊರಿನಲ್ಲಿ ಇಳಿಯುವುದೇಕೆ?

ಮಳೆಗಾಲ ಬಂತೆಂದರೆ ನಮ್ಮ ಕಾಸರಗೋಡಿನ ಕಡೆ ಆಗಾಗ ಕೇಳಿಬರುವ ಸುದ್ದಿಯೊಂದಿದೆ. ದುಬಾಯಿಯಿಂದಲೋ ಅಬುಧಾಬಿಯಿಂದಲೋ ಬರುವವರನ್ನು ಕರೆತರಲು ಮನೆಮಂದಿ ಬೆಳಗಿನ ಜಾವವೇ ಕಾರು ಮಾಡಿಕೊಂಡು ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿ ಕಾದು ನಿಲ್ಲುತ್ತಾರೆ. ಮೋಡದ ಮೇಲೆಲ್ಲೋ ವಿಮಾನದ ಸದ್ದು ಕೇಳಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಸದ್ದು ಅಡಗುತ್ತದೆ. ಆಮೇಲೆ ತಿಳಿಯುತ್ತದೆ, ವಿಮಾನ ಬೆಂಗಳೂರಿಗೆ ಹೋಯಿತಂತೆ! "ಇಷ್ಟು ಹತ್ತಿರ ಬಂದವನಿಗೆ ಇಳಿಯಲು ಏನು ಧಾಡಿ?" ಎಂದು ಹಿರಿಯರು ಗೊಣಗುತ್ತಾರೆ. "ಇನ್ನೊಂದು ಸಲ ಪ್ರಯತ್ನ ಮಾಡಬಹುದಿತ್ತಲ್ಲ" ಎಂದು ಮತ್ತೊಬ್ಬರು ಹೇಳುತ್ತಾರೆ. ಭೂಪಟ ಬಲ್ಲ ಹುಡುಗರು, "ಕಣ್ಣೂರು ಹತ್ತಿರವಿರುವಾಗ ಬೆಂಗಳೂರಿಗೆ ಏಕೆ ಹೋಗಬೇಕು?" ಎಂದು ಕೇಳುತ್ತಾರೆ. ಈ ಮೂರು ಪ್ರಶ್ನೆಗಳೂ ನ್ಯಾಯವಾದವುಗಳೇ. ಮೂರಕ್ಕೂ ಉತ್ತರವುಂಟು.

ಆದರೆ ಉತ್ತರವನ್ನು ಮಂಗಳೂರಿನ ಆಕಾಶದಲ್ಲಿ ಹುಡುಕಿದರೆ ಸಿಗುವುದಿಲ್ಲ. ವಿಮಾನವು ದುಬಾಯಿಯಲ್ಲಿ ಇನ್ನೂ ನೆಲದ ಮೇಲಿರುವಾಗಲೇ ಅದರ ಮುಕ್ಕಾಲು ಭಾಗ ಬರೆದು ಮುಗಿದಿರುತ್ತದೆ. ಹೊರಡುವ ಮುನ್ನ ಕ್ಯಾಪ್ಟನ್ ಮತ್ತು ಸಹಚಾಲಕ ಇಬ್ಬರೂ ಯಾನದ ಯೋಜನೆಯನ್ನು ಓದುತ್ತಾರೆ. ಅದರಲ್ಲಿ ದಾರಿ, ಎತ್ತರ, ಗಾಳಿಯ ವೇಗ ಇವೆಲ್ಲ ಇರುತ್ತವೆ. ಅವುಗಳ ಜೊತೆಗೆ ತಲಪಬೇಕಾದ ಊರಿನ ಹೆಸರಿನ ಕೆಳಗೆ ಇನ್ನೊಂದು ಊರಿನ ಹೆಸರು ಇರುತ್ತದೆ. ಅದೇ ಬದಲಿ ನಿಲ್ದಾಣ. ಮಂಗಳೂರಿನಲ್ಲಿ ಇಳಿಯಲು ಆಗದೆ ಹೋದರೆ ಎಲ್ಲಿಗೆ ಹೋಗುವುದು ಎಂಬುದನ್ನು ಮೊದಲೇ ಗೊತ್ತುಮಾಡಿ, ಅಲ್ಲಿಗೆ ಹೋಗಲು ಬೇಕಾದ ಇಂಧನವನ್ನೂ ಮೊದಲೇ ತುಂಬಿಸಿಕೊಳ್ಳುತ್ತಾರೆ. ಹಾಗಾಗಿ ಬೆಂಗಳೂರಿಗೆ ತಿರುಗಿದ ವಿಮಾನ ದಿಕ್ಕು ತಪ್ಪಿ ಹೋದ ವಿಮಾನವಲ್ಲ. ಯೋಜನೆಯ ಎರಡನೆಯ ಸಾಲನ್ನು ಅದು ಪಾಲಿಸುತ್ತಿದೆ, ಅಷ್ಟೆ.

ಇಂಧನದ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡೋಣ. ಎಲ್ಲದರ ಗುಟ್ಟು ಅದರಲ್ಲೇ ಇದೆ. ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಗಳನ್ನು ಹಿಡಿಯುತ್ತೇನೆ. ನಿಜವಾದ ಯಾನದಲ್ಲಿ ಇವು ವಿಮಾನದ ತೂಕ, ಗಾಳಿ, ಎತ್ತರಗಳಿಗೆ ತಕ್ಕಂತೆ ಬದಲಾಗುತ್ತವೆ. ಕೊಲ್ಲಿ ದೇಶಗಳಿಂದ ನಮ್ಮ ಕರಾವಳಿಗೆ ಬರುವ ವಿಮಾನಗಳಲ್ಲಿ ಬಹಳಷ್ಟು ಬೋಯಿಂಗ್ 737 ಜಾತಿಯವು. ಇಂಥ ವಿಮಾನ ನಿಮಿಷಕ್ಕೆ ಸುಮಾರು 40 ಕಿಲೋಗ್ರಾಂ ಇಂಧನವನ್ನು ಉರಿಸುತ್ತದೆ ಎಂದಿಟ್ಟುಕೊಳ್ಳಿ. ದುಬಾಯಿಯಿಂದ ಮಂಗಳೂರಿಗೆ ಸುಮಾರು ಮೂರೂವರೆ ಗಂಟೆಯ ದಾರಿ, ಅದಕ್ಕೆ 8,000 ಕಿಲೋಗ್ರಾಂ. ದಾರಿಯಲ್ಲಿ ಎದುರುಗಾಳಿ ಹೆಚ್ಚಾದರೆ, ಮೋಡದ ರಾಶಿಯನ್ನು ಬಳಸಿ ಹೋಗಬೇಕಾಗಿ ಬಂದರೆ ಎಂದು ಅದರ ನೂರಕ್ಕೆ 5ರಷ್ಟು, ಅಂದರೆ 400. ಮಂಗಳೂರಿನಿಂದ ಮೇಲೇರಿ ಬೆಂಗಳೂರಿಗೆ ಹೋಗಿ ಇಳಿಯಲು 1,900. ಇವೆಲ್ಲ ಮುಗಿದ ಮೇಲೂ ಟ್ಯಾಂಕಿನಲ್ಲಿ ಅರ್ಧ ಗಂಟೆ ಹಾರುವಷ್ಟು ಇಂಧನ ಉಳಿದಿರಲೇಬೇಕು ಎಂಬುದು ಜೆಟ್ ವಿಮಾನಗಳಿಗೆ ಅಂತರರಾಷ್ಟ್ರೀಯ ನಿಯಮ. ಅದು 1,200. ಒಟ್ಟು 11,500 ಕಿಲೋಗ್ರಾಂ ಆಯಿತು. ನೆಲದ ಮೇಲೆ ನಿಧಾನವಾಗಿ ಸಾಗಿ ರನ್‌ವೇಯ ತುದಿಯನ್ನು ಸೇರಲು ಇನ್ನೊಂದು 200 ಬೇಕು.

ಇಂಧನವನ್ನು ಲೀಟರಿನಲ್ಲಿ ಅಳೆಯದೆ ತೂಕದಲ್ಲಿ ಹೇಳುವುದೇಕೆ ಎಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಬಹುದು. ಬಿಸಿಲಿಗೆ ಎಣ್ಣೆ ಹಿಗ್ಗುತ್ತದೆ, ಆಗ ಲೀಟರು ಹೆಚ್ಚುತ್ತದೆ, ತೂಕ ಮಾತ್ರ ಇದ್ದಷ್ಟೇ ಇರುತ್ತದೆ. ಅದು ಉರಿದಾಗ ಸಿಗುವ ಶಕ್ತಿ ತೂಕವನ್ನು ಅನುಸರಿಸಿದ್ದು. ದುಬಾಯಿಯ ಬೇಸಗೆಯಲ್ಲಿ ತುಂಬಿಸಿದ ಎಣ್ಣೆಯನ್ನು ಲೀಟರಿನಲ್ಲಿ ಲೆಕ್ಕ ಹಾಕಿ ಹಾರಿದರೆ, ಮೇಲಿನ ಕೊರೆಯುವ ಚಳಿಯಲ್ಲಿ ಲೆಕ್ಕ ಕುಗ್ಗಿ ಹೋಗುತ್ತದೆ.

ಈಗ ವಿಮಾನ ಮಂಗಳೂರಿನ ಮೇಲೆ ಬಂದಿದೆ ಎನ್ನೋಣ. ದಾರಿಯಲ್ಲಿ ಎಲ್ಲವೂ ಸರಿಯಾಗಿದ್ದು 400 ಕಿಲೋಗ್ರಾಂ ಹಾಗೆಯೇ ಉಳಿದಿದೆ. ಟ್ಯಾಂಕಿನಲ್ಲಿರುವುದು 3,500. ಬೆಂಗಳೂರಿಗೆ 1,900, ಕೊನೆಯ ಮೀಸಲು 1,200, ಒಟ್ಟು 3,100. ಆ ಸಂಖ್ಯೆ ಬಂದಾಗ ವಿಮಾನ ಹೊರಡಲೇಬೇಕು. ಹಾಗಾದರೆ ಕಾಯಲು ಉಳಿದದ್ದು 400 ಕಿಲೋಗ್ರಾಂ, ನಿಮಿಷಕ್ಕೆ 40ರಂತೆ ಬರೇ ಹತ್ತು ನಿಮಿಷ. ಮಳೆ ಹತ್ತು ನಿಮಿಷದಲ್ಲಿ ನಿಂತರೆ ಸರಿ. ಹನ್ನೊಂದನೆಯ ನಿಮಿಷಕ್ಕೆ ನಿಲ್ಲುವಂತಿದ್ದರೂ ಅದು ಆ ವಿಮಾನದ ಪಾಲಿಗೆ ಇಲ್ಲದ ನಿಮಿಷ.

"ಇನ್ನೊಂದು ಸಲ ಪ್ರಯತ್ನಿಸಬಹುದಿತ್ತಲ್ಲ" ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ಇಳಿಯಲು ಬಂದ ವಿಮಾನ ಇಳಿಯದೆ ಮೇಲೇರಿ, ಒಂದು ದೊಡ್ಡ ಸುತ್ತು ಹಾಕಿ, ಮತ್ತೆ ರನ್‌ವೇಯ ನೇರಕ್ಕೆ ಬರಲು ಹೆಚ್ಚುಕಡಿಮೆ ಕಾಲು ಗಂಟೆ ಹಿಡಿಯುತ್ತದೆ. ಅಂದರೆ ಸುಮಾರು 600 ಕಿಲೋಗ್ರಾಂ. ನಮ್ಮ ಲೆಕ್ಕದ ವಿಮಾನದಲ್ಲಿ ಅಷ್ಟಿಲ್ಲ. ಮಳೆಗಾಲದಲ್ಲಿ ಅನುಭವಿ ಕ್ಯಾಪ್ಟನ್ ಇದನ್ನು ಮೊದಲೇ ಊಹಿಸಿ ದುಬಾಯಿಯಲ್ಲೇ ಇನ್ನೊಂದು ಸಾವಿರ ಕಿಲೋಗ್ರಾಂ ಹೆಚ್ಚು ಹಾಕಿಸಿಕೊಳ್ಳುತ್ತಾನೆ. ಹಾಗಾದರೆ ಯಾವಾಗಲೂ ಟ್ಯಾಂಕು ಭರ್ತಿ ಮಾಡಿಕೊಂಡೇ ಬರಬಾರದೇ? ಬರಬಹುದು, ಆದರೆ ಹೆಚ್ಚಿನ ತೂಕವನ್ನು ಹೊರಲು ಹೆಚ್ಚಿನ ಇಂಧನವೇ ಬೇಕು. ಮೂರೂವರೆ ಗಂಟೆಯ ದಾರಿಯಲ್ಲಿ ಹೆಚ್ಚಿಗೆ ಹೊತ್ತ ಸಾವಿರದಲ್ಲಿ ನೂರರಷ್ಟು ಅದನ್ನು ಹೊರುವುದರಲ್ಲೇ ಉರಿದು ಹೋಗುತ್ತದೆ. ತೂಕ ಹೆಚ್ಚಿದ ವಿಮಾನಕ್ಕೆ ಇಳಿಯುವಾಗ ಹೆಚ್ಚು ಉದ್ದದ ರನ್‌ವೇ ಬೇಕು, ಒದ್ದೆ ರನ್‌ವೇಯಾದರೆ ಮತ್ತಷ್ಟು ಬೇಕು. ಗುಡ್ಡದ ನೆತ್ತಿಯನ್ನು ಕಡಿದು ಮಟ್ಟಮಾಡಿ ಕಟ್ಟಿದ ಮಂಗಳೂರಿನಂಥ ನಿಲ್ದಾಣದಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿ ರನ್‌ವೇ ಮುಗಿದ ಮೇಲೆ ಇರುವುದು ಇಳಿಜಾರು.

ಇಂಧನ ಸಾಕಷ್ಟಿದ್ದರೂ ಇಳಿಯಲು ಆಗದಿರುವುದು ಹೇಗೆ? ಇಲ್ಲಿಯೂ ಗೆರೆಗಳನ್ನು ಮೊದಲೇ ಎಳೆದಿಟ್ಟಿರುತ್ತಾರೆ. ರನ್‌ವೇಯ ಪಕ್ಕದಿಂದ ಹೊರಡುವ ರೇಡಿಯೋ ಕಿರಣಗಳನ್ನು ಹಿಡಿದುಕೊಂಡು ವಿಮಾನವು ಮೋಡದೊಳಗೇ ಕಣ್ಣುಕಟ್ಟಿದಂತೆ ಇಳಿದು ಬರುತ್ತದೆ. ಸಾಮಾನ್ಯ ದರ್ಜೆಯ ಉಪಕರಣವಿರುವ ಕಡೆ ನೆಲದಿಂದ ಸುಮಾರು 200 ಅಡಿ ಎತ್ತರದವರೆಗೆ ಹೀಗೆ ಬರಬಹುದು. ಆ ಎತ್ತರಕ್ಕೆ ನಿರ್ಧಾರದ ಎತ್ತರವೆಂದೇ ಹೆಸರು. ಅಲ್ಲಿಗೆ ಬಂದಾಗ ರನ್‌ವೇಯ ದೀಪಗಳು ಚಾಲಕನ ಕಣ್ಣಿಗೆ ಬೀಳಬೇಕು. ಬಿದ್ದರೆ ಇಳಿಯಬಹುದು. ಬೀಳದಿದ್ದರೆ ಮೇಲೇರಬೇಕು. ಇನ್ನೊಂದು ಐವತ್ತು ಅಡಿ ಇಳಿದು ನೋಡೋಣ ಎನ್ನುವಂತಿಲ್ಲ. ಏಕೆಂದರೆ ಆ ಎತ್ತರದಿಂದ ನೆಲ ಮುಟ್ಟಲು ಉಳಿದಿರುವುದು ಸುಮಾರು 17 ಸೆಕೆಂಡು ಮಾತ್ರ, ವಿಮಾನ ಆಗ ಗಂಟೆಗೆ ಸುಮಾರು 260 ಕಿಲೋಮೀಟರು ವೇಗದಲ್ಲಿರುತ್ತದೆ. ಇದಕ್ಕೂ ಮೊದಲೇ ಇನ್ನೊಂದು ತಡೆ ಇದೆ. ರನ್‌ವೇಯ ಮೇಲೆ ಎಷ್ಟು ದೂರ ಕಾಣುತ್ತದೆಂಬುದನ್ನು ಉಪಕರಣಗಳಿಂದ ಅಳೆದು ನಿಲ್ದಾಣದವರು ತಿಳಿಸುತ್ತಾರೆ. ಸಾಮಾನ್ಯ ದರ್ಜೆಗೆ ಅದು 550 ಮೀಟರು. ಅದಕ್ಕಿಂತ ಕಡಿಮೆಯೆಂದು ವರದಿ ಬಂದರೆ 1,000 ಅಡಿಗಿಂತ ಕೆಳಗೆ ಬರುವುದಕ್ಕೇ ಅನುಮತಿಯಿಲ್ಲ. ದೆಹಲಿಯಂಥ ನಿಲ್ದಾಣದಲ್ಲಿ ಇನ್ನೂ ಸೂಕ್ಷ್ಮವಾದ ಉಪಕರಣಗಳಿದ್ದು 50 ಮೀಟರು ಕಂಡರೂ ಇಳಿಯಬಹುದು. ಆದರೆ ವಿಮಾನದಲ್ಲಿಯೂ ತಕ್ಕ ಯಂತ್ರವಿರಬೇಕು, ಇಬ್ಬರು ಚಾಲಕರಿಗೂ ಅದರ ವಿಶೇಷ ತರಬೇತಿ ಆಗಿರಬೇಕು. ಚಳಿಗಾಲದ ಮಂಜಿನಲ್ಲಿ ಒಂದು ವಿಮಾನ ದೆಹಲಿಯಲ್ಲಿ ಇಳಿದು, ಅದರ ಹಿಂದೆಯೇ ಬಂದ ಇನ್ನೊಂದು ಜೈಪುರಕ್ಕೋ ಲಕ್ನೋಗೋ ಹೋಗುವುದಕ್ಕೆ ಇದೂ ಒಂದು ಕಾರಣ.

ಗಾಳಿಗೂ ಇಂಥದೇ ಗೆರೆಗಳಿವೆ. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಇಳಿಯಲು ಇಷ್ಟಪಡುತ್ತದೆ. ಬೆನ್ನ ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ನೆಲ ಮುಟ್ಟುವಾಗಿನ ವೇಗ ಹೆಚ್ಚುತ್ತದೆ, ನಿಲ್ಲಲು ಬೇಕಾಗುವ ದೂರವೂ ಹೆಚ್ಚುತ್ತದೆ.

ಇನ್ನು ಕಣ್ಣೂರಿನ ಪ್ರಶ್ನೆ. ಕಣ್ಣೂರಿನ ನಿಲ್ದಾಣ 2018ರ ಡಿಸೆಂಬರಿನಲ್ಲಿ ಆರಂಭವಾಯಿತು. ಭೂಪಟದಲ್ಲಿ ನೋಡಿದರೆ ಮಂಗಳೂರಿಗೆ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆದರೆ ಬದಲಿ ನಿಲ್ದಾಣವನ್ನು ಆರಿಸುವಾಗ ಹತ್ತಿರವಿದೆಯೇ ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು, ಅಲ್ಲಿಯೂ ಇದೇ ಮಳೆ ಸುರಿಯುತ್ತಿದೆಯೇ ಎಂದು. ಮುಂಗಾರಿನ ಮೋಡ ಅರಬ್ಬೀ ಸಮುದ್ರದಿಂದ ಬಂದು ಘಟ್ಟಕ್ಕೆ ಒತ್ತಿ ನಿಂತಾಗ ಮಂಗಳೂರು, ಕಣ್ಣೂರು, ಕಲ್ಲಿಕೋಟೆ, ಕೊಚ್ಚಿ ನಾಲ್ಕೂ ಒಂದೇ ಕಂಬಳಿಯ ಕೆಳಗೆ ಮಲಗಿರುವುದುಂಟು. ಒಂದು ಕಡೆ ಇಳಿಯಲಾಗದ ವಿಮಾನ ಅದೇ ಮೋಡದ ಅಡಿಯಲ್ಲಿರುವ ಇನ್ನೊಂದು ಕಡೆಗೆ ಹೋಗಿ ಅಲ್ಲಿಯೂ ಇಳಿಯಲಾಗದಿದ್ದರೆ ಗತಿಯೇನು? ಘಟ್ಟ ದಾಟಿದರೆ ಕತೆಯೇ ಬೇರೆ. ಭೂಗೋಳದ ಪಾಠದಲ್ಲಿ ಓದಿದ ಮಳೆಯ ನೆರಳಿನ ಪ್ರದೇಶ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಆಗುಂಬೆಯಲ್ಲಿ ಧೋ ಎಂದು ಸುರಿಯುವ ದಿನವೇ ಬೆಂಗಳೂರಿನಲ್ಲಿ ಬರೇ ತುಂತುರಿರಬಹುದು. ಅಲ್ಲಿ ಎರಡು ಉದ್ದವಾದ ರನ್‌ವೇಗಳಿವೆ. ವಿಮಾನ ನಿಲ್ಲಿಸಲು ಜಾಗ, ಇಂಧನ, ಸಲಕರಣೆ ಎಲ್ಲವೂ ಇವೆ. ಕರಾವಳಿಯಲ್ಲಿಯೇ ಹವೆ ಚೆನ್ನಾಗಿರುವ ದಿನ ಕಣ್ಣೂರನ್ನೋ ಕೊಚ್ಚಿಯನ್ನೋ ಆರಿಸುವುದೂ ಉಂಟು. ಪ್ರತಿ ಯಾನಕ್ಕೂ ಆ ಹೊತ್ತಿನ ಹವಾ ಮುನ್ಸೂಚನೆಯನ್ನು ನೋಡಿಯೇ ಇದನ್ನು ಗೊತ್ತುಮಾಡುತ್ತಾರೆ.

ಹತ್ತಿರದ ಊರು ಕೈಕೊಡುವುದು ಬರೇ ಊಹೆಯ ಮಾತಲ್ಲ. 2015ರ ಆಗಸ್ಟ್ 18ರಂದು ಕತಾರಿನ ದೋಹಾದಿಂದ ಕೊಚ್ಚಿಗೆ ಬಂದ ವಿಮಾನವೊಂದು ಬೆಳಗಿನ ಹೊತ್ತಿನಲ್ಲಿ ಅಲ್ಲಿ ಮೂರು ಸಲ ಇಳಿಯಲು ಯತ್ನಿಸಿ ಮೂರು ಸಲವೂ ಮೇಲೇರಿತು. ದೂರದ ಬದಲಿ ನಿಲ್ದಾಣಕ್ಕೆ ಹೋಗುವಷ್ಟು ಇಂಧನ ಅಷ್ಟರಲ್ಲಿ ಕರಗಿತ್ತು. ಹತ್ತಿರದ ತಿರುವನಂತಪುರಕ್ಕೆ ತಿರುಗಿದರು. ಅವರು ಅಲ್ಲಿಗೆ ತಲಪುವಾಗ ಅಲ್ಲಿಯೂ ರನ್‌ವೇ ಕಾಣದಂತಾಗಿತ್ತು. ಅಲ್ಲಿ ಮತ್ತೆ ಮತ್ತೆ ಯತ್ನಿಸಿ, ಒಟ್ಟು ಏಳನೆಯ ಸಲಕ್ಕೆ ವಿಮಾನ ನೆಲ ಮುಟ್ಟಿತು. ಆಗ ಟ್ಯಾಂಕಿನಲ್ಲಿ ಉಳಿದಿದ್ದ ಇಂಧನ ಕೊನೆಯ ಮೀಸಲಿಗಿಂತ ಎಷ್ಟೋ ಕಡಿಮೆ. ಯಾರಿಗೂ ಪೆಟ್ಟಾಗಲಿಲ್ಲವೆಂಬುದು ಪುಣ್ಯ. ಈ ಕತೆಯಲ್ಲಿ ಗಮನಿಸಬೇಕಾದದ್ದು ಏಳನೆಯ ಪ್ರಯತ್ನವಲ್ಲ, ಮೂರನೆಯದು. ಕೊಚ್ಚಿಯಲ್ಲಿ ಮಾಡಿದ ಪ್ರತಿಯೊಂದು ಪ್ರಯತ್ನವೂ ಮುಂದಿನ ಆಯ್ಕೆಗಳಲ್ಲಿ ಒಂದೊಂದನ್ನು ತಿಂದುಹಾಕಿತು. ಎರಡು ಸಲ ಆಗದಿದ್ದರೆ, ಹವೆ ನಿಜವಾಗಿ ಸುಧಾರಿಸಿದ ಹೊರತು ಮೂರನೆಯ ಸಲಕ್ಕೆ ಹೋಗಬಾರದೆಂದು ಅನೇಕ ಕಂಪೆನಿಗಳು ತಮ್ಮ ಚಾಲಕರಿಗೆ ಕಟ್ಟು ಮಾಡಿರುವುದು ಇದೇ ಕಾರಣಕ್ಕೆ.

ಇದೇ ತಪ್ಪು ಇನ್ನೂ ಘೋರವಾಗಿ ಕೊನೆಗೊಂಡದ್ದು ಅಮೇರಿಕದಲ್ಲಿ. 1990ರ ಜನವರಿ 25ರ ರಾತ್ರಿ ದಕ್ಷಿಣ ಅಮೇರಿಕದ ಕೊಲಂಬಿಯ ದೇಶದಿಂದ ಏವಿಯಾಂಕಾ ಕಂಪೆನಿಯ ಬೋಯಿಂಗ್ 707 ವಿಮಾನವೊಂದು ನ್ಯೂಯಾರ್ಕಿಗೆ ಬರುತ್ತಿತ್ತು. ಅದರಲ್ಲಿದ್ದವರು 158 ಮಂದಿ. ನ್ಯೂಯಾರ್ಕಿನಲ್ಲಿ ಹವೆ ಕೆಟ್ಟು ವಿಮಾನಗಳು ಸಾಲುಗಟ್ಟಿದ್ದವು. ಈ ವಿಮಾನವನ್ನು ಮೂರು ಕಡೆಗಳಲ್ಲಿ ಸುತ್ತು ಹಾಕಿಸಿದರು. ಸುತ್ತಿದ್ದೇ ಒಟ್ಟು 77 ನಿಮಿಷ. ಅದರ ಬದಲಿ ನಿಲ್ದಾಣ ಬಾಸ್ಟನ್. ನಿಮ್ಮ ಬದಲಿ ನಿಲ್ದಾಣ ಯಾವುದು ಎಂದು ಕೊನೆಗೆ ನೆಲದಿಂದ ಕೇಳಿದಾಗ, ಬಾಸ್ಟನ್ ಆಗಿತ್ತು, ಈಗ ಅಲ್ಲಿಗೆ ಹೋಗಲು ಇಂಧನವಿಲ್ಲ ಎಂಬ ಅರ್ಥದ ಉತ್ತರ ಬಂತು. ಬಾಸ್ಟನ್ನಿಗೆ ಹೋಗುವ ಬಾಗಿಲು ಯಾವ ಗಳಿಗೆಯಲ್ಲಿ ಮುಚ್ಚಿತೆಂದು ಆ ವಿಮಾನದಲ್ಲಿ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಚಾಲಕರು ನೆಲದವರಲ್ಲಿ ಆದ್ಯತೆ ಬೇಕೆಂದು ಕೇಳಿದರೇ ಹೊರತು, ತುರ್ತುಸ್ಥಿತಿ ಎಂಬ ಶಬ್ದವನ್ನು ಬಳಸಲೇ ಇಲ್ಲ. ಇಳಿಯುವ ಮೊದಲ ಪ್ರಯತ್ನ ಬಿರುಗಾಳಿಯಿಂದ ಕೆಟ್ಟಿತು. ಎರಡನೆಯ ಪ್ರಯತ್ನಕ್ಕೆಂದು ಸುತ್ತಿ ಬರುತ್ತಿರುವಾಗ ಇಂಜಿನುಗಳು ಒಂದೊಂದಾಗಿ ಆರಿದುವು. ವಿಮಾನ ಲಾಂಗ್ ಐಲೆಂಡಿನ ಗುಡ್ಡದ ಮೇಲೆ ಬಿದ್ದು 73 ಜನರು ಸತ್ತರು. ಬಿದ್ದ ವಿಮಾನಕ್ಕೆ ಬೆಂಕಿ ಹತ್ತಲಿಲ್ಲ. ಉರಿಯಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಒಂದು ಶಬ್ದದ ಬೆಲೆ ಎಷ್ಟೆಂದು ವಿಮಾನಯಾನ ಲೋಕ ಆಗ ಕಲಿಯಿತು. ಈಗ ಇದಕ್ಕೆ ಗೊತ್ತಾದ ಎರಡು ಮಾತುಗಳಿವೆ. 'ಮಿನಿಮಮ್ ಫ್ಯೂಯೆಲ್' ಎಂದು ಚಾಲಕ ರೇಡಿಯೋದಲ್ಲಿ ಹೇಳಿದರೆ, ತಾನು ಇನ್ನು ಈ ಒಂದೇ ನಿಲ್ದಾಣದಲ್ಲಿ ಇಳಿಯಬೇಕು, ಇನ್ನಷ್ಟು ತಡಮಾಡಿಸಿದರೆ ಕೊನೆಯ ಅರ್ಧ ಗಂಟೆಯ ಮೀಸಲಿಗೆ ಕೈಹಾಕಬೇಕಾಗುತ್ತದೆ ಎಂದರ್ಥ. 'ಮೇಡೇ ಫ್ಯೂಯೆಲ್' ಎಂದರೆ ಮೀಸಲಿಗೆ ಕೈಹಾಕಿಯೇ ಇಳಿಯಬೇಕಾಗಿದೆ, ಉಳಿದವರೆಲ್ಲರನ್ನೂ ಬದಿಗೆ ಸರಿಸಿ ಎಂದರ್ಥ. ಮೇಡೇ ಎಂಬುದು ನನಗೆ ಸಹಾಯ ಮಾಡಿ ಎಂಬ ಫ್ರೆಂಚ್ ಮಾತಿನಿಂದ ಹುಟ್ಟಿದ ಕೂಗು. ಕೊನೆಯ ಮೀಸಲು ಖರ್ಚು ಮಾಡಲೆಂದು ಇಟ್ಟುಕೊಂಡ ಇಂಧನವಲ್ಲ. ಬೀಜಕ್ಕೆಂದು ತೆಗೆದಿಟ್ಟ ಭತ್ತದ ಹಾಗೆ ಅದು, ಅದನ್ನು ಬೇಯಿಸುವ ದಿನ ಬಂತೆಂದರೆ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ.

ಲೆಕ್ಕ ಇಷ್ಟು ಸ್ಪಷ್ಟವಾಗಿದ್ದೂ ಚಾಲಕರು ತಡಮಾಡುವುದೇಕೆ? ನನಗೆ ತೋರುವಂತೆ ಈ ವಿಷಯದಲ್ಲಿ ಕಷ್ಟವಾದ ಭಾಗ ಇದೊಂದೇ. ಮನೆ ಹತ್ತಿರವಾದಂತೆ ಗಾಡಿಯ ಎತ್ತಿನ ನಡಿಗೆ ಬಿರುಸಾಗುವುದನ್ನು ಹಳ್ಳಿಯವರು ಬಲ್ಲರು. ಮನುಷ್ಯನ ಮನಸ್ಸೂ ಹಾಗೆಯೇ. ಸಾವಿರಾರು ಕಿಲೋಮೀಟರು ಬಂದಾಗಿದೆ, ಊರು ಕಾಲಡಿಯಲ್ಲೇ ಇದೆ, ಹಿಂದೆ ಕುಳಿತ ನೂರೆಂಬತ್ತು ಜನರಿಗೂ ಹೊರಗೆ ಕಾಯುವ ಅವರ ಮನೆಯವರಿಗೂ ಅಲ್ಲೇ ಇಳಿಯಬೇಕು. ಬೇರೆ ಊರಿಗೆ ಹೋದರೆ ಕಂಪೆನಿಗೆ ಖರ್ಚು, ಮರುದಿನದ ಯಾನಗಳು ಅಸ್ತವ್ಯಸ್ತ, ಪ್ರಯಾಣಿಕರ ಬೈಗಳು ಬೇರೆ. ಇವಾವುವೂ ಯಂತ್ರದ ಗಡಿಯಾರಗಳಲ್ಲಿ ಕಾಣುವುದಿಲ್ಲ. ಆದರೆ ಚಾಲಕನ ಕೋಣೆಯೊಳಗೆ ಅವೂ ಕುಳಿತಿರುತ್ತವೆ.

2020ರ ಆಗಸ್ಟ್ 7ರ ರಾತ್ರಿ ಕಲ್ಲಿಕೋಟೆಯ ಕರಿಪುರದಲ್ಲಿ ಏನಾಯಿತೆಂಬುದು ನಮ್ಮ ಜಿಲ್ಲೆಯವರಿಗೆ ನೆನಪಿರಬಹುದು. ಕೊರೋನಾ ಕಾಲದಲ್ಲಿ ದುಬಾಯಿಯಿಂದ ನಮ್ಮವರನ್ನು ಕರೆತರುತ್ತಿದ್ದ ವಿಮಾನ ಅದು. 190 ಮಂದಿ ಅದರಲ್ಲಿದ್ದರು. ಸುರಿಯುವ ಮಳೆ. ಮೊದಲ ಸಲ ಇಳಿಯಲಾಗದೆ ಮೇಲೇರಿದರು. ಕ್ಯಾಪ್ಟನ್ನನ ಬದಿಯ ಗಾಜನ್ನು ಒರಸುವ ವೈಪರ್ ಕೆಟ್ಟಿತ್ತು. ಎರಡನೆಯ ಸಲ ರನ್‌ವೇಯ ಇನ್ನೊಂದು ತುದಿಯಿಂದ ಬಂದರು, ಆಗ ಗಾಳಿ ಬೆನ್ನ ಹಿಂದಿನಿಂದಿತ್ತು. ವಿಮಾನ ನೆಲ ಮುಟ್ಟಿದ್ದು ರನ್‌ವೇಯ ಅರ್ಧದಷ್ಟು ದೂರ ಕಳೆದ ಮೇಲೆ. ಮೇಲೇರೋಣ ಎಂದು ಸಹಚಾಲಕ ಹೇಳಿದ್ದೂ ಫಲಿಸಲಿಲ್ಲ. ವಿಮಾನ ಗುಡ್ಡದ ತುದಿಯಿಂದ ಕೆಳಗೆ ಬಿದ್ದು, ಇಬ್ಬರು ಚಾಲಕರೂ ಸೇರಿ 21 ಜನರು ತೀರಿಕೊಂಡರು. ಮರುವರ್ಷ ಹೊರಬಂದ ತನಿಖೆಯ ವರದಿಯಲ್ಲಿ ಒಂದು ಮಾತಿದೆ. ಬೇರೆ ನಿಲ್ದಾಣಗಳಿದ್ದುವು, ಹೋಗಲು ಇಂಧನವೂ ಇತ್ತು. ಆದರೆ ಮರುದಿನ ಬೆಳಗ್ಗೆ ಅಲ್ಲಿಂದಲೇ ಇನ್ನೊಂದು ಯಾನ ನಡೆಸಬೇಕಾಗಿದ್ದದ್ದು ಕ್ಯಾಪ್ಟನ್ನನ ನಿರ್ಧಾರವನ್ನು ಎಳೆಯಿತು ಎಂದು ವರದಿ ಹೇಳುತ್ತದೆ. ಅಲ್ಲಿ ಸಾಕಷ್ಟು ಕ್ಯಾಪ್ಟನ್ನರನ್ನು ಇರಿಸದೆ ಇದ್ದ ವ್ಯವಸ್ಥೆಯ ಕಡೆಗೂ ಅದು ಬೊಟ್ಟು ಮಾಡುತ್ತದೆ. ಆತ ಅನುಭವಿ. ಲೆಕ್ಕ ತಿಳಿಯದವನಲ್ಲ. ಅವನೂ ಆ ಎಳೆತಕ್ಕೆ ಹೊರತಾಗಲಿಲ್ಲ.

ಅದಕ್ಕೂ ಹತ್ತು ವರ್ಷ ಮೊದಲು, 2010ರ ಮೇ 22ರಂದು, ಮಂಗಳೂರಿನಲ್ಲಿ ನಡೆದ ದುರಂತ ನಮ್ಮ ಊರುಗಳ ಎಷ್ಟೋ ಮನೆಗಳ ದುಃಖ. 158 ಜನರು ಹೋದರು, ಉಳಿದವರು ಎಂಟೇ ಮಂದಿ. ಅಂದು ಹವೆ ಚೆನ್ನಾಗಿತ್ತು, ಬೇರೆ ಊರಿಗೆ ಹೋಗಬೇಕಾದ ಪ್ರಸಂಗವೇ ಇರಲಿಲ್ಲ. ಆದರೆ ವಿಮಾನ ತೀರ ಎತ್ತರದಿಂದ, ಅತಿ ವೇಗದಿಂದ ಬರುತ್ತಿತ್ತು. ಮೇಲೇರೋಣ ಎಂದು ಸಹಚಾಲಕ ಮೂರು ಸಲ ಹೇಳಿದನೆಂದು ತನಿಖೆಯಲ್ಲಿ ಕಂಡುಬಂತು. ಎರಡು ದುರಂತಗಳಲ್ಲಿಯೂ ಸರಿಯಾದ ಮಾತು ಆ ಕೋಣೆಯೊಳಗೇ ಹುಟ್ಟಿತ್ತು, ಅದನ್ನು ಆಡಿದ್ದು ಕಿರಿಯವನು. ಇಬ್ಬರಲ್ಲಿ ಯಾರೇ ಮೇಲೇರೋಣ ಎಂದರೂ ವಾದಿಸದೆ ಮೇಲೇರಬೇಕೆಂದು ಚಾಲಕರಿಗೆ ಕಲಿಸುತ್ತಾರೆ. ಹಿರಿಯರ ಎದುರು ಬಾಯಿ ಬಿಡದಿರುವುದನ್ನೇ ವಿನಯವೆಂದು ಕಲಿತ ನಮ್ಮಂಥವರ ನಾಡಿನಲ್ಲಿ, ಆಡುವವನಿಗೂ ಕೇಳುವವನಿಗೂ ಇದು ಅಷ್ಟು ಸುಲಭವಾಗಿ ಬರುವ ಅಭ್ಯಾಸವಲ್ಲ.

3,100 ಎಂಬ ಸಂಖ್ಯೆಯನ್ನು ದುಬಾಯಿಯಲ್ಲಿ ಕುಳಿತು, ಚಹಾ ಕುಡಿಯುತ್ತ, ಮನಸ್ಸು ತಣ್ಣಗಿರುವಾಗಲೇ ಬರೆದಿಡುವುದು ಇದಕ್ಕಾಗಿ. ಮೋಡದ ನಡುವೆ ಆತುರದಲ್ಲಿರುವ ಮನುಷ್ಯ ಯೋಚಿಸಬೇಕಾಗಿಲ್ಲ. ತಣ್ಣಗಿದ್ದಾಗ ತಾನೇ ಬರೆದದ್ದನ್ನು ಓದಿದರೆ ಸಾಕು. ಇಳಿಯಲು ಆರಂಭಿಸುವ ಮೊದಲೇ ಇಬ್ಬರು ಚಾಲಕರೂ, "ಇಂಧನ ಇಷ್ಟಕ್ಕೆ ಬಂದರೆ ಬೆಂಗಳೂರು" ಎಂದು ಒಬ್ಬರಿಗೊಬ್ಬರು ಕೇಳುವಂತೆ ಹೇಳಿಕೊಳ್ಳುತ್ತಾರೆ. ಕೊನೆಯ ಮಾತು ಕ್ಯಾಪ್ಟನ್ನನದೇ. ನೆಲದ ಮೇಲಿರುವ ನಿಯಂತ್ರಕರು ಹವೆಯ ಸ್ಥಿತಿಯನ್ನೂ ರನ್‌ವೇಯ ಸ್ಥಿತಿಯನ್ನೂ ತಿಳಿಸಬಲ್ಲರು, ಕಂಪೆನಿಯವರು ತಮಗೆ ಅನುಕೂಲವಾದ ಊರನ್ನು ಸೂಚಿಸಬಲ್ಲರು. ಇಳಿಯಲೇಬೇಕೆಂದು ಆತನನ್ನು ಒತ್ತಾಯಿಸುವ ಅಧಿಕಾರ ಯಾರಿಗೂ ಇಲ್ಲ.

ಹವೆಯಲ್ಲದೆ ಬೇರೆ ಕಾರಣಗಳೂ ಇವೆ. ಪ್ರಯಾಣಿಕರಲ್ಲಿ ಒಬ್ಬರಿಗೆ ಎದೆನೋವು ಬಂತೆನ್ನಿ. ವಿಮಾನದಲ್ಲಿ ಡಾಕ್ಟರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಾರೆ. ಎಷ್ಟೋ ಕಂಪೆನಿಗಳು ನೆಲದಲ್ಲಿರುವ ವೈದ್ಯರ ಸಲಹೆಯನ್ನು ರೇಡಿಯೋ ಮೂಲಕ ಪಡೆಯುವ ಏರ್ಪಾಡು ಮಾಡಿಕೊಂಡಿವೆ. ಆಗ ಹತ್ತಿರದ ನಿಲ್ದಾಣ ಯಾವುದು ಎಂಬುದಕ್ಕಿಂತ ಒಳ್ಳೆಯ ಆಸ್ಪತ್ರೆಯಿರುವ ಹತ್ತಿರದ ನಿಲ್ದಾಣ ಯಾವುದು ಎಂಬುದು ಮುಖ್ಯ. ಅರಬ್ಬೀ ಸಮುದ್ರದ ಮೇಲಿದ್ದರೆ ಮಸ್ಕತ್ತೋ ಮುಂಬಯಿಯೋ ಆಗಬಹುದು. ಇಂಜಿನೊಂದು ಕೆಟ್ಟರೆ ಮಾತು ಇನ್ನೂ ಚುಟುಕು: ಎರಡು ಇಂಜಿನಿನ ವಿಮಾನ ಒಂದರಿಂದಲೇ ಹಾರಬಲ್ಲುದು, ಆದರೆ ತಲಪಬೇಕಾದ ಊರನ್ನು ಮರೆತು ಸಮೀಪದ ತಕ್ಕ ನಿಲ್ದಾಣದಲ್ಲಿ ಇಳಿಯಬೇಕು. ಹೊರಟ ಸ್ವಲ್ಪ ಹೊತ್ತಿನಲ್ಲೇ ಹೀಗಾದರೆ ಟ್ಯಾಂಕು ತುಂಬಿದ್ದು ತೂಕ ವಿಪರೀತವಾಗಿರುತ್ತದೆ. ದೊಡ್ಡ ವಿಮಾನಗಳಲ್ಲಿ ಕೆಲವಕ್ಕೆ ಇಂಧನವನ್ನು ಆಕಾಶದಲ್ಲೇ ಚೆಲ್ಲುವ ಅನುಕೂಲವುಂಟು. ನಮ್ಮ ಕಡೆಗೆ ಬರುವ 737ಕ್ಕೆ ಅದಿಲ್ಲ. ಸುತ್ತು ಹಾಕಿ ಉರಿಸಬೇಕು, ಇಲ್ಲವೇ ಭಾರದೊಂದಿಗೇ ಜಾಗರೂಕತೆಯಿಂದ ಇಳಿಯಬೇಕು.

ಬೆಂಗಳೂರಿನಲ್ಲಿ ಇಳಿದ ಮೇಲೆ ಪ್ರಯಾಣಿಕರನ್ನು ಗಂಟೆಗಟ್ಟಲೆ ವಿಮಾನದಲ್ಲೇ ಕೂರಿಸುತ್ತಾರೆಂಬ ದೂರು ಸಾಮಾನ್ಯ. ವಿದೇಶದಿಂದ ಬಂದವರು ಕೆಳಗಿಳಿದರೆ ಅವರ ಪಾಸ್‌ಪೋರ್ಟಿನ ತಪಾಸಣೆ, ಕಸ್ಟಮ್ಸ್ ಎಲ್ಲವೂ ಅಲ್ಲೇ ಆಗಬೇಕಾಗುತ್ತದೆ. ಮಂಗಳೂರಿನ ಮಳೆ ನಿಂತರೆ ಅರ್ಧ ಗಂಟೆಯಲ್ಲಿ ಹೊರಡಬಹುದೆಂಬ ಆಸೆಯೂ ಇರುತ್ತದೆ. ಆದರೆ ಚಾಲಕರು ದಿನಕ್ಕೆ ಇಷ್ಟೇ ಗಂಟೆ ಕೆಲಸದಲ್ಲಿರಬಹುದೆಂಬ ಕಟ್ಟುನಿಟ್ಟಾದ ನಿಯಮವಿದೆ. ರಾತ್ರಿಯೆಲ್ಲ ಹಾರಿ ಬಂದವರ ಆ ಅವಧಿ ಕಾಯುವಾಗಲೇ ಮುಗಿದುಹೋದರೆ ಬೇರೆ ಚಾಲಕರು ಬರುವವರೆಗೆ ವಿಮಾನ ಕದಲುವುದಿಲ್ಲ. ಕೆಲವು ಸಲ ಪ್ರಯಾಣಿಕರನ್ನು ಬಸ್ಸಿನಲ್ಲಿ ಘಟ್ಟ ಇಳಿಸಿ ಕಳುಹಿಸುವುದೂ ಉಂಟು. ಮಳೆಗಾಲದಲ್ಲಿ ಆ ಘಾಟಿರಸ್ತೆಗಳ ಸ್ಥಿತಿ ಬಲ್ಲವರು ವಿಮಾನಕ್ಕಾಗಿ ಕಾಯುವುದೇ ಮೇಲೆಂದು ಹೇಳುತ್ತಾರೆ.

ಕೊನೆಗೆ ಮಂಗಳೂರಿನಿಂದ ಹವೆ ತಿಳಿಯಾಯಿತೆಂಬ ವರದಿ ಬಂದಾಗ ಮತ್ತೆ ಇಂಧನ ತುಂಬಿಸುತ್ತಾರೆ. ಮುಕ್ಕಾಲು ಗಂಟೆಯ ಪುಟ್ಟ ದಾರಿ, ಆದರೂ ಹೊಸ ಯೋಜನೆ, ಹೊಸ ಲೆಕ್ಕ. ಅದರಲ್ಲಿಯೂ ಬದಲಿ ನಿಲ್ದಾಣದ ಹೆಸರು ಬರೆಯಬೇಕಾದ ಜಾಗವೊಂದಿದೆ. ಹೆಚ್ಚಾಗಿ ಅಲ್ಲಿ ಬರೆಯುವ ಹೆಸರು ಬೆಂಗಳೂರೇ.